ಕೊಡಲಿ ತಾಗದೆ ಸತ್ತ ಹುಣಸೆಮರ

ತುಮಕೂರು ಕಡೆ ನಮ್ಮದು ಮಳೆ ನಂಬಿದ ರಾಗಿ ಹೊಲ. ತಾತ ಬದುವಿನಲ್ಲಿ ಹಾಕಿದ್ದ ಎರಡು ಹುಣಸೆಮರ, ಪಾಲಿನಲ್ಲಿ ಅಣ್ಣನಿಗೊಂದು ನನಗೊಂದು ಬಂದಿದ್ದವು. 2016ರಲ್ಲಿ ಅಣ್ಣನ ಹೊಲ ಲೇಔಟಿಗೆ ಹೋಯಿತು. ಮರ ಕಡಿಯೋದಿಲ್ಲ ಅಂದರು, ಕಡಿಯಲೂ ಇಲ್ಲ. ಆದರೆ ತಗ್ಗು ತುಂಬೋಕೆ ಬುಡಕ್ಕೆ ಮೂರಡಿ ಮಣ್ಣು ಸುರಿದರು. ಚರಂಡಿ ತೋಡಿದ ಜೇಸಿಬಿ ಒಂದು ಪಕ್ಕದ ಬೇರೆಲ್ಲ ಹರಿದುಹಾಕಿತು. ಮೊದಲನೇ ವರ್ಷ ಹಸಿರಾಗೇ ಇತ್ತು. ಎರಡನೇ ವರ್ಷ ತುದಿ ಒಣಗಿತು, ಮೂರನೇ ವರ್ಷ ಸೌದೆ.

ಮರ ಉಣ್ಣುವ ಬೇರು ಹೆಚ್ಚಾಗಿ ಇರೋದು ಮೇಲಿನ ಒಂದೆರಡು ಅಡಿಯಲ್ಲೇ. ಬೇರಿಗೂ ಗಾಳಿ ಬೇಕು. ಮಣ್ಣು ಹೇರಿದರೂ, ಲಾರಿ ಓಡಾಡಿ ನೆಲ ಗಟ್ಟಿಯಾದರೂ ಉಸಿರು ಕಟ್ಟುತ್ತೆ. ಆರು ಹೂಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

2019ರಲ್ಲಿ ಮಗಳ ಮದುವೆ ಸಾಲಕ್ಕೆ ನಾನೂ ಮಾರಬೇಕಾಯಿತು. ಅಡ್ವಾನ್ಸ್ ಮುಟ್ಟುವ ಮೊದಲೇ ಅಗ್ರಿಮೆಂಟಿನಲ್ಲಿ ಬರೆಸಿದೆ: ಪಾರ್ಕಿನ ಜಾಗ ಹುಣಸೆ ಕೆಳಗೇ ಬರಬೇಕು, ಬುಡಕ್ಕೆ ಮಣ್ಣು ಏರಿಸಬಾರದು. ಜೇಸಿಬಿ ಬರುವ ಮುಂಚೆ ಕೊಂಬೆ ಚಾಚಿದಷ್ಟಕ್ಕೂ ಕಲ್ಲುಕಂಬ ನೆಟ್ಟು ತಂತಿ ಎಳೆದೆ. ಬಾಯಿಮಾತಿಗೆ ಹೂಂ ಅಂದವರು ಕಂಬಕ್ಕೆ ಮಾತ್ರ ಬಗ್ಗಿದರು.

ಅವರು ರಸ್ತೆ ಪಕ್ಕ ನೆಟ್ಟ ಸಸಿಗಳು ಕರೆಂಟು ತಂತಿ ಕೆಳಗಿದ್ದವು, ನೀರಿಲ್ಲದೆ ಒಣಗಿದವು. ಎದುರು ಸಾಲಿನಲ್ಲಿ ನಾನು ಎರಡಡಿ ಗುಂಡಿ ತೆಗೆದು, ಮುಂಗಾರಿನಲ್ಲಿ ಹೊಂಗೆ, ಬೇವು ಇಟ್ಟು ಎರಡು ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತೆ. ಒಂಬತ್ತರಲ್ಲಿ ಏಳು ನಿಂತಿವೆ.

ಹುಣಸೆ ಈಗಲೂ ಕಾಯಿ ಬಿಡುತ್ತೆ. ಬಡಿಯೋಕೆ ಸೈಟಿನವರನ್ನ ಕೇಳಬೇಕು, ಅಷ್ಟೆ.