ಉಷ್ಣಪ್ರದೇಶದಲ್ಲಿ ಹುಳಿಹಿಟ್ಟಿನ ಬ್ರೆಡ್ಡು

ಧಾರವಾಡ, ಬೆಳಗಾವಿ, ಗದಗ, ಬಾಗಲಕೋಟೆ, ವಿಜಯಪುರ ಮುಂತಾದ ಜಿಲ್ಲೆಗಳಲ್ಲಿ ಹಿಂಗಾರಿ ಗೋಧಿಯ ಕಟಾವು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನಡೆಯುವುದು. ಹೊಸ ಗೋಧಿಯು ಮನೆಗೆ ಬರುವ ಕಾಲವೂ ಬಿಸಿಲು ಏರುವ ಕಾಲವೂ ಒಂದೇ. ಸ್ವಂತ ಹೊಲದ ಗೋಧಿಯಿಂದ ಮನೆಯಲ್ಲಿಯೇ ಬ್ರೆಡ್ಡು ಮಾಡಬೇಕೆಂದು ಆಶಿಸಿ, ಶೀತದೇಶಗಳ ಪುಸ್ತಕಗಳಲ್ಲಿ ಹೇಳಿರುವ ಅಳತೆಯನ್ನೂ ಹೊತ್ತನ್ನೂ ಯಥಾವತ್ತಾಗಿ ಅನುಸರಿಸಿದವರಿಗೆ ಮೊದಲ ಸಲ ದೊರೆಯುವುದು ಬಹುಮಟ್ಟಿಗೆ ಚಪ್ಪಟೆಯಾದ, ಅತಿ ಹುಳಿಯಾದ ಒಂದು ಮುದ್ದೆ ಮಾತ್ರವೇ. ಆಗ ದೋಷವನ್ನು ಗೋಧಿಯ ಮೇಲೆ ಹೊರಿಸುವುದುಂಟು. ಒಳ್ಳೆಯ ಹಿಟ್ಟೂ ಒಂದು ದಿನದ ಶ್ರಮವೂ ವ್ಯರ್ಥವಾಗಿ, ಧಾನ್ಯವನ್ನು ಮಾರಿ ಪೇಟೆಯಿಂದ ಬ್ರೆಡ್ಡು ಕೊಳ್ಳುವ ವಾಡಿಕೆಯೇ ಮುಂದುವರಿಯುವುದು. ವಾಸ್ತವದಲ್ಲಿ ತಪ್ಪು ಗೋಧಿಯದೂ ಅಲ್ಲ, ಹವೆಯದೂ ಅಲ್ಲ. ಹೆಪ್ಪಿನ ಪ್ರಮಾಣವನ್ನೂ ಹೊತ್ತನ್ನೂ ಹವೆಗೆ ತಕ್ಕಂತೆ ಹೊಂದಿಸದಿರುವುದೇ ಕಾರಣ. ಹೊಂದಿಸಿಕೊಂಡಲ್ಲಿ, ಬಿಸಿಲಿನ ಸೀಮೆಗೆ ಹುಳಿಹಿಟ್ಟಿನ ಬ್ರೆಡ್ಡೇ ಹೆಚ್ಚು ಒಪ್ಪುವಂಥದೆಂಬುದು ಮುಂದೆ ವಿಶದವಾಗುವುದು.

ಹುಳಿಹಿಟ್ಟಿನ ತತ್ತ್ವ.— ಗೋಧಿಯ ಹಿಟ್ಟನ್ನು ನೀರಿನಲ್ಲಿ ಕಲಸಿ ಇಟ್ಟರೆ ಅದರಲ್ಲಿ ಸ್ವಾಭಾವಿಕವಾಗಿಯೇ ಇರುವ ಸೂಕ್ಷ್ಮಜೀವಿಗಳು ವೃದ್ಧಿಹೊಂದುವುವು. ಇವುಗಳಲ್ಲಿ ಎರಡು ವರ್ಗಗಳು ಮುಖ್ಯವಾದುವು. ಒಂದು, ಯೀಸ್ಟ್ ಎಂಬ ಶಿಲೀಂಧ್ರ. ಇದು ಸಕ್ಕರೆಯ ಅಂಶವನ್ನು ತಿಂದು ಇಂಗಾಲಾಮ್ಲ ವಾಯುವನ್ನು ಬಿಡುವುದರಿಂದ ಕಣಕವು ಉಬ್ಬುವುದು. ಇನ್ನೊಂದು, ಹಾಲನ್ನು ಮೊಸರಾಗಿಸುವ ವರ್ಗಕ್ಕೆ ಸೇರಿದ ಬ್ಯಾಕ್ಟೀರಿಯಾ. ಇದು ಹುಳಿಯನ್ನು ಕೊಡುವುದು. ಹಾಲಿನ ಹುಳಿಯು ಜೀವಿಗಳ ಕಾರ್ಯವೆಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರನು ೧೮೫೭ರಲ್ಲಿ ಪ್ರತಿಪಾದಿಸಿದನು. ಆದರೆ ಹಿಂದಿನ ದಿನದ ಕಣಕದಲ್ಲಿ ಒಂದು ತುಂಡನ್ನು ಉಳಿಸಿ ಮರುದಿನದ ಕಣಕಕ್ಕೆ ಬೆರೆಸುವ ಪದ್ಧತಿಯು ರೋಮನರ ಕಾಲದಲ್ಲಿಯೇ ಇದ್ದಿತು.

ಈ ವಿದ್ಯೆಯು ನಮ್ಮ ಗೃಹಿಣಿಯರಿಗೆ ಅಪರಿಚಿತವಲ್ಲ. ಇಡ್ಲಿ, ದೋಸೆಗಳ ಹಿಟ್ಟು ಉಬ್ಬುವುದೂ ಹುಳಿಯುವುದೂ ಇಂಥ ಸೂಕ್ಷ್ಮಜೀವಿಗಳಿಂದಲೇ. ಬೇಸಗೆಯಲ್ಲಿ ಹಿಟ್ಟು ಬೇಗ ಹುಳಿಯುವುದೆಂದು ತಡವಾಗಿ ರುಬ್ಬುವುದೂ, ಚಳಿಗಾಲದಲ್ಲಿ ಪಾತ್ರೆಯನ್ನು ಒಲೆಯ ಪಕ್ಕದಲ್ಲಿಡುವುದೂ ಮನೆಮನೆಯ ಅನುಭವ. ಗೋವೆಯಲ್ಲಿ ಬ್ರೆಡ್ಡನ್ನು ಕಳ್ಳಿನಿಂದ ಉಬ್ಬಿಸುತ್ತಿದ್ದುದೂ, ಕರಾವಳಿಯಲ್ಲಿ ಸನ್ನದ ಹಿಟ್ಟಿಗೆ ಕಳ್ಳನ್ನು ಬೆರೆಸುವುದೂ ಇದೇ ತತ್ತ್ವವನ್ನು ಅವಲಂಬಿಸಿವೆ.

ಶಾಖದ ಪರಿಣಾಮ.— ಹುಳಿಹಿಟ್ಟಿನ ಯೀಸ್ಟುಗಳು ಸಾಮಾನ್ಯವಾಗಿ ೨೭, ೨೮ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅತಿ ಚುರುಕಾಗಿರುವುವು; ಹುಳಿಯನ್ನುಂಟುಮಾಡುವ ಬ್ಯಾಕ್ಟೀರಿಯಾಗಳಿಗೆ ೩೨, ೩೩ ಡಿಗ್ರಿ ಹಿತವಾದುದು. ಆದ್ದರಿಂದ ಕಣಕದ ಶಾಖವು ೩೦ ಡಿಗ್ರಿಗಳನ್ನು ಮೀರಿದಾಗ ಉಬ್ಬುವ ಕೆಲಸಕ್ಕಿಂತ ಹುಳಿಯುವ ಕೆಲಸವೇ ಮುಂದಾಗುವುದು. ಹುಳಿಯು ಮಿತಿಮೀರಿದರೆ ಗೋಧಿಯ ಅಂಟಿನಂಶವು ಸಡಿಲವಾಗಿ, ವಾಯುವು ಸೋರಿಹೋಗಿ, ಕಣಕವು ಹರಡಿಕೊಳ್ಳುವುದು. ಚಪ್ಪಟೆಯಾದ ಬ್ರೆಡ್ಡಿನ ಕಾರಣವು ಇದೇ.

ಆದರೆ ಹುಳಿಯಿಂದ ಒಂದು ದೊಡ್ಡ ಉಪಕಾರವೂ ಉಂಟು. ಬೆಚ್ಚಗೂ ತೇವವಾಗಿಯೂ ಇರುವ ಹವೆಯಲ್ಲಿ ಸಾಧಾರಣ ಬ್ರೆಡ್ಡಿನ ಒಳಭಾಗವು ಒಂದೆರಡು ದಿನಗಳಲ್ಲಿ ಲೋಳೆಯಾಗಿ, ಮುರಿದರೆ ನೂಲಿನಂತೆ ಎಳೆಯೆಳೆಯಾಗಿ, ಕೊಳೆತ ಕರಬೂಜದ ವಾಸನೆಯನ್ನು ಬೀರುವುದುಂಟು. ಬೇಯಿಸಿದರೂ ಸಾಯದ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳೇ ಇದಕ್ಕೆ ಕಾರಣ. ಹುಳಿಯಿರುವ ಬ್ರೆಡ್ಡಿನಲ್ಲಿ ಈ ರೋಗವು ಸುಲಭವಾಗಿ ತಲೆಯೆತ್ತದು. ಮೇಲಾಗಿ, ಇಡೀ ಗೋಧಿಯ ಹಿಟ್ಟಿನಲ್ಲಿರುವ ಫೈಟೇಟ್ ಎಂಬ ಪದಾರ್ಥವು ಹುಳಿಯಿಂದ ಕಡಮೆಯಾಗಿ, ಧಾನ್ಯದ ಕಬ್ಬಿಣ, ಸತುವುಗಳು ದೇಹಕ್ಕೆ ಹೆಚ್ಚಾಗಿ ದಕ್ಕುವುವು.

ಗೋಧಿಯ ಆಯ್ಕೆ.— ಬ್ರೆಡ್ಡಿಗೆ ಅಂಟಿನಂಶವು ಬಲವಾಗಿಯೂ ಎಳೆದರೆ ಹಿಗ್ಗುವಂತೆಯೂ ಇರಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಡಿ.ಡಬ್ಲ್ಯು.ಆರ್. ೧೬೨ರಂತಹ ಬ್ರೆಡ್ಡು ಗೋಧಿಯ ತಳಿಗಳು ಇದಕ್ಕೆ ಯೋಗ್ಯವಾದುವು. ಜವೆ, ಸದಕ ಅಥವಾ ಕಪ್ಲಿ ಎಂಬ ಹೆಸರುಗಳುಳ್ಳ ಗೋಧಿಯ ಅಂಟು ದುರ್ಬಲವಾದುದರಿಂದ ಅದೊಂದರಿಂದಲೇ ಎತ್ತರವಾದ ಬ್ರೆಡ್ಡನ್ನು ನಿರೀಕ್ಷಿಸಕೂಡದು. ಆದರೆ ಮೂರು ಪಾಲು ಬ್ರೆಡ್ಡು ಗೋಧಿಗೆ ಒಂದು ಪಾಲು ಜವೆ ಗೋಧಿಯನ್ನು ಬೆರೆಸಿದರೆ ರುಚಿಯು ಹೆಚ್ಚುವುದು. ಬೀಸುವ ಕಲ್ಲಿನ ಹಿಟ್ಟು ನೀರನ್ನು ಹೆಚ್ಚಾಗಿ ಕುಡಿಯುವುದು ಮತ್ತು ಬೇಗ ಹುದುಗುವುದು ಎಂಬುದನ್ನು ಮನಸ್ಸಿನಲ್ಲಿಡತಕ್ಕದ್ದು.

ಹುಳಿಹಿಟ್ಟನ್ನು ಎಬ್ಬಿಸುವ ಕ್ರಮ.— ಶುಭ್ರವಾದ ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿ ೫೦ ಗ್ರಾಂ ಇಡೀ ಗೋಧಿಯ ಹಿಟ್ಟನ್ನು ೫೦ ಗ್ರಾಂ ನೀರಿನಲ್ಲಿ ಕಲಸಿ ಸಡಿಲವಾಗಿ ಮುಚ್ಚಿಡಬೇಕು. ಎರಡನೆಯ ದಿನವೇ ಗುಳ್ಳೆಗಳೆದ್ದು ಕೆಟ್ಟ ವಾಸನೆ ಬಂದರೆ ಹಿಟ್ಟು ಸಿದ್ಧವಾಯಿತೆಂದು ಭ್ರಮಿಸಬಾರದು. ಅದು ಬೇರೆ ಜಾತಿಯ ಬ್ಯಾಕ್ಟೀರಿಯಾಗಳ ಕಾರ್ಯ. ಅಂದಿನಿಂದ ದಿನಕ್ಕೆರಡು ಸಲ, ಹಳೆಯ ಹಿಟ್ಟಿನಲ್ಲಿ ೧೦ ಗ್ರಾಂ ಮಾತ್ರ ಉಳಿಸಿಕೊಂಡು, ೫೦ ಗ್ರಾಂ ಹೊಸ ಹಿಟ್ಟನ್ನೂ ೫೦ ಗ್ರಾಂ ನೀರನ್ನೂ ಸೇರಿಸಬೇಕು. ಸುಮಾರು ಒಂದು ವಾರದಲ್ಲಿ ಹುಳಿಹಿಟ್ಟು ಪ್ರತಿ ಸಲವೂ ತಪ್ಪದೆ ಇಮ್ಮಡಿಯಾಗಿ ಉಬ್ಬಿ, ಮೊಸರಿನಂತೆ ಹಿತವಾದ ಹುಳಿವಾಸನೆಯನ್ನು ಕೊಡುವುದು. ಬೂಷ್ಟು ಹಿಡಿದರೆ ಅಥವಾ ಕೆಂಪು, ಕಿತ್ತಳೆ ಬಣ್ಣದ ಗೆರೆಗಳು ಕಂಡರೆ ಎಲ್ಲವನ್ನೂ ಚೆಲ್ಲಿ, ಭರಣಿಯನ್ನು ಕುದಿನೀರಿನಲ್ಲಿ ತೊಳೆದು, ಹೊಸದಾಗಿ ಆರಂಭಿಸತಕ್ಕದ್ದು. ಹುಳಿಹಿಟ್ಟು ಸಿದ್ಧವಾದ ಮೇಲೆ ಪ್ರತಿ ಸಲ ಮಿಗುವ ಭಾಗವನ್ನು ದೋಸೆಯ ಹಿಟ್ಟಿಗೆ ಸೇರಿಸಬಹುದು. ಹುಳಿಹಿಟ್ಟನ್ನು ತಟ್ಟೆಯಲ್ಲಿ ತೆಳುವಾಗಿ ಸವರಿ, ನೆರಳಿನಲ್ಲಿ ಒಣಗಿಸಿ, ಪುಡಿಮಾಡಿಟ್ಟರೆ ಆಪತ್ಕಾಲಕ್ಕೆ ಬೀಜದಂತೆ ಒದಗುವುದು.

ಕಣಕ.— ಇಡೀ ಗೋಧಿಯ ಹಿಟ್ಟು ೫೦೦ ಗ್ರಾಂ, ನೀರು ೩೭೫ ಗ್ರಾಂ, ಉಪ್ಪು ೧೦ ಗ್ರಾಂ, ಚೆನ್ನಾಗಿ ಉಬ್ಬಿದ ಹುಳಿಹಿಟ್ಟು ೪೦ ಗ್ರಾಂ. ಶೀತದೇಶಗಳಲ್ಲಿ ಇಷ್ಟು ಹಿಟ್ಟಿಗೆ ೧೦೦ ಗ್ರಾಂ ಹುಳಿಹಿಟ್ಟನ್ನು ಹಾಕುವುದು ವಾಡಿಕೆ. ನಮ್ಮ ಬೇಸಗೆಗೆ ಅದು ಅತಿಯಾಗುವುದು. ರಾತ್ರಿ ಕಲಸಿ ಬೆಳಿಗ್ಗೆ ಬೇಯಿಸಬೇಕಾದರೆ ೧೫ರಿಂದ ೨೦ ಗ್ರಾಂ ಸಾಕು. ನೀರು ತಣ್ಣಗಿದ್ದು, ಕಲಸಿದ ಕಣಕವು ಸುಮಾರು ೨೫ ಡಿಗ್ರಿ ಶಾಖದಲ್ಲಿರುವುದು ಒಳ್ಳೆಯದು. ಒಣಹವೆಯ ಬಯಲುಸೀಮೆಯಲ್ಲಿ ಮಣ್ಣಿನ ಹೂಜಿಯ ನೀರನ್ನು ಬಳಸಿ, ಪಾತ್ರೆಗೆ ಒದ್ದೆ ಬಟ್ಟೆಯನ್ನು ಸುತ್ತುವುದರಿಂದ ಈ ಉದ್ದೇಶವು ಬಹುಮಟ್ಟಿಗೆ ನೆರವೇರುವುದು. ತೇವಹವೆಯ ಕರಾವಳಿಯಲ್ಲಿ ಒದ್ದೆ ಬಟ್ಟೆಯಿಂದ ಪ್ರಯೋಜನವು ಅಲ್ಪ; ಅಲ್ಲಿ ಮಂಜುಗಡ್ಡೆಯ ನೀರು ಬೇಕಾಗುವುದು.

ಮೊದಲು ಹಿಟ್ಟು ನೀರುಗಳನ್ನು ಮಾತ್ರ ಕಲಸಿ ಅರ್ಧ ಗಂಟೆ ಬಿಟ್ಟು, ಅನಂತರ ಹುಳಿಹಿಟ್ಟನ್ನೂ ಉಪ್ಪನ್ನೂ ಸೇರಿಸಿ ನಾದಬೇಕು. ಬಳಿಕ ಅರ್ಧರ್ಧ ಗಂಟೆಗೊಮ್ಮೆ ಮೂರು ಸಲ, ಒದ್ದೆ ಕೈಯಿಂದ ಕಣಕದ ಅಂಚುಗಳನ್ನು ಎಳೆದು ಮಡಿಸಬೇಕು. ಗಡಿಯಾರವನ್ನು ನಂಬಕೂಡದು. ಕಣಕದ ಒಂದು ಚಿಕ್ಕ ತುಂಡನ್ನು ನೇರವಾದ ಗಾಜಿನ ಲೋಟದಲ್ಲಿ ಒತ್ತಿ, ಅದರ ಮಟ್ಟಕ್ಕೆ ಗುರುತು ಹಾಕಿ, ಕಣಕದ ಪಕ್ಕದಲ್ಲಿಯೇ ಇಟ್ಟರೆ ಉಬ್ಬಿದ ಪ್ರಮಾಣವು ಕಣ್ಣಿಗೆ ಕಾಣುವುದು. ಮೊದಲಿಗಿಂತ ಅರ್ಧದಷ್ಟು ಹೆಚ್ಚಿದೊಡನೆ, ಅಂದರೆ ಎರಡು ಬೆರಳಿನ ಮಟ್ಟವು ಮೂರು ಬೆರಳಾದೊಡನೆ, ಕಣಕವನ್ನು ಉಂಡೆಗಟ್ಟತಕ್ಕದ್ದು. ೩೦ ಡಿಗ್ರಿ ಸುಮಾರಿನ ಹವೆಯಲ್ಲಿ ಇದಕ್ಕೆ ನಾಲ್ಕರಿಂದ ಆರು ಗಂಟೆ ಹಿಡಿಯಬಹುದು. ಉಂಡೆಯನ್ನು ಹಿಟ್ಟು ಉದುರಿಸಿದ ಬಟ್ಟೆಯ ಮೇಲೆ ಸುಮಾರು ಒಂದು ಗಂಟೆ ಬಿಟ್ಟು, ಬೆರಳಿನಿಂದ ಒತ್ತಿದ ಗುಳಿಯು ನಿಧಾನವಾಗಿ ಮೇಲೇಳುವಾಗ ಬೇಯಿಸಬೇಕು. ರೆಫ್ರಿಜರೇಟರು ಇರುವವರು ಉಂಡೆಯನ್ನು ರಾತ್ರಿಯೆಲ್ಲ ಅದರಲ್ಲಿಟ್ಟು ಬೆಳಿಗ್ಗೆ ಬೇಯಿಸಬಹುದು.

ಬೇಯಿಸುವುದು.— ಮುಚ್ಚಳವುಳ್ಳ ದಪ್ಪನಾದ ಬೀಡಿನ ಪಾತ್ರೆಯು ಉತ್ತಮ. ವಿದ್ಯುತ್ ಒವನ್ನಿನಲ್ಲಿ ಪಾತ್ರೆಯನ್ನು ೨೩೦ ಡಿಗ್ರಿಗೆ ಕಾಯಿಸಿ, ಉಂಡೆಯನ್ನು ಇಳಿಸಿ, ಮೇಲ್ಭಾಗವನ್ನು ಹರಿತವಾದ ಚಾಕುವಿನಿಂದ ಗೀರಿ, ೨೫ ನಿಮಿಷ ಮುಚ್ಚಿಯೂ ೨೦ ನಿಮಿಷ ತೆರೆದೂ ಬೇಯಿಸಬೇಕು. ಮುಚ್ಚಳವು ಹಬೆಯನ್ನು ಹಿಡಿದಿಡುವುದರಿಂದ ಮೇಲ್ಪದರವು ಬೇಗ ಗಟ್ಟಿಯಾಗದೆ ಬ್ರೆಡ್ಡು ಪೂರ್ಣವಾಗಿ ಉಬ್ಬುವುದು. ಸೌದೆಯ ಒಲೆಯವರು ಪಾತ್ರೆಯ ಕೆಳಗೆ ಸ್ವಲ್ಪ ಕೆಂಡವನ್ನೂ ಮುಚ್ಚಳದ ಮೇಲೆ ಹೆಚ್ಚು ಕೆಂಡವನ್ನೂ ಹರಡಬೇಕು. ಕೆಳಗಿನ ಉರಿಯು ಹೆಚ್ಚಾದರೆ ತಳವು ಸೀಯುವುದು. ತಳವನ್ನು ತಟ್ಟಿದಾಗ ಟೊಳ್ಳು ಶಬ್ದ ಬಂದರೆ ಬೆಂದಿತೆಂದು ತಿಳಿಯಬೇಕು. ಎರಡು ಗಂಟೆ ಆರುವವರೆಗೂ ಕೊಯ್ಯಕೂಡದು. ಬಿಸಿಯಲ್ಲಿ ಕೊಯ್ದರೆ ಒಳಭಾಗವು ಅಂಟಂಟಾಗುವುದು.

ದೋಷಗಳ ಪರೀಕ್ಷೆ.— ಬ್ರೆಡ್ಡು ಹರಡಿಕೊಂಡು ಅತಿ ಹುಳಿಯಾಗಿದ್ದರೆ ಹೊತ್ತು ಮೀರಿತೆಂದರ್ಥ. ಮುಂದಿನ ಸಲ ಹುಳಿಹಿಟ್ಟನ್ನು ಕಡಮೆ ಮಾಡಬೇಕು. ಒಳಗೆ ಒತ್ತಾಗಿ, ಅಲ್ಲಲ್ಲಿ ದೊಡ್ಡ ಪೊಳ್ಳುಗಳಿದ್ದರೆ ಹೊತ್ತು ಸಾಲದೆಂದರ್ಥ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಿ, ಅಂದಿನ ಶಾಖವನ್ನೂ ಹಿಡಿದ ಹೊತ್ತನ್ನೂ ಬರೆದಿಟ್ಟರೆ ನಾಲ್ಕೈದು ಸಲಗಳಲ್ಲಿ ಆ ಮನೆಗೆ ಒಪ್ಪುವ ಲೆಕ್ಕವು ದೊರೆಯುವುದು.

ಮೊಸರಿನ ಹೆಪ್ಪನ್ನು ನೆರೆಮನೆಯಿಂದ ತರುವಂತೆ ಹುಳಿಹಿಟ್ಟನ್ನೂ ಒಂದು ಮನೆಯವರು ಊರಿಗೆಲ್ಲ ಹಂಚಬಹುದು. ಎಷ್ಟು ಹಂಚಿದರೂ ಅದು ತೀರದು. ಊರಿನ ಮುಖಂಡರೂ ಗೋಧಿ ಬೆಳೆಯುವ ಹಿಡುವಳಿದಾರರೂ ತಮ್ಮ ಮನೆಗಳಲ್ಲಿ ಮೊದಲು ಪರೀಕ್ಷಿಸಿ, ತಾವು ಬೆಳೆಯುವ ಪ್ರತಿಯೊಂದು ತಳಿಯಿಂದಲೂ ಒಂದೊಂದು ಬ್ರೆಡ್ಡನ್ನು ಮಾಡಿಸಿ ನೋಡುವುದು ಯುಕ್ತ. ಯಾವ ಗೋಧಿಯು ಬ್ರೆಡ್ಡಿಗೆ, ಯಾವುದು ರವೆಗೆ, ಯಾವುದು ಚಪಾತಿಗೆ ತಕ್ಕುದೆಂಬುದನ್ನು ಅರಿತ ರೈತನು ತನ್ನ ಧಾನ್ಯದ ಗುಣವನ್ನು ಕೊಳ್ಳುವವನಿಗೆ ಧೈರ್ಯವಾಗಿ ಹೇಳಬಲ್ಲನು.