ಮನೋಚಿಕಿತ್ಸೆ ಕಲಿಯುವವರ ಮೇಲ್ವಿಚಾರಣೆ: ಕಷ್ಟದ ಗಳಿಗೆಗಳನ್ನು ನಿಭಾಯಿಸುವುದು ಹೇಗೆ?



ನಮ್ಮ ಕರಾವಳಿಯ ಧರ್ಮಕೇಂದ್ರಗಳ ಅನೇಕ ಯುವಕ ಯುವತಿಯರು ಇಂದು ಮನಃಶಾಸ್ತ್ರ, ಸಮಾಜಕಾರ್ಯ ಹಾಗೂ ಆಪ್ತಸಮಾಲೋಚನೆಯನ್ನು ಕಲಿಯುತ್ತಿದ್ದಾರೆ. ಧರ್ಮಗುರುಗಳೂ ಧರ್ಮಭಗಿನಿಯರೂ ಈ ತರಬೇತಿ ಪಡೆದು ಶಾಲೆ ಮತ್ತು ಆಸ್ಪತ್ರೆಗಳಲ್ಲಿ ಸೇವೆ ನೀಡುತ್ತಿದ್ದಾರೆ. ಆದರೆ ಈ ತರಬೇತಿಯ ಒಂದು ಮುಖ್ಯ ಭಾಗ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಸೂಪರ್‌ವಿಷನ್ ಎನ್ನುತ್ತಾರೆ. ಕಚೇರಿಯಲ್ಲಿ ಹಾಜರಿ ನೋಡುವ ಮೇಲ್ವಿಚಾರಣೆ ಇದಲ್ಲ. ವಿದ್ಯಾರ್ಥಿಯು ತಾನು ನೋಡುತ್ತಿರುವ ರೋಗಿಗಳ ವಿಷಯವನ್ನು ಅನುಭವಿ ಚಿಕಿತ್ಸಕರ ಮುಂದೆ ನಿಯಮಿತವಾಗಿ ಇಟ್ಟು, ಮಾಡಿದ್ದು ಸರಿಯೇ ತಪ್ಪೇ ಎಂದು ಜೊತೆಯಾಗಿ ಪರಿಶೀಲಿಸುವ ಕ್ರಮವಿದು.

ಶಸ್ತ್ರಚಿಕಿತ್ಸೆ ಕಲಿಯುವ ಯುವ ವೈದ್ಯರ ಪಕ್ಕದಲ್ಲಿ ಹಿರಿಯ ವೈದ್ಯರು ನಿಂತಿರುತ್ತಾರೆ. ಕೈ ತಪ್ಪಿದರೆ ತಕ್ಷಣ ತಡೆಯುತ್ತಾರೆ. ಮನೋಚಿಕಿತ್ಸೆಯಲ್ಲಿ ಹೀಗಾಗುವುದು ಅಪರೂಪ. ಮುಚ್ಚಿದ ಬಾಗಿಲಿನ ಹಿಂದೆ ಸಾಮಾನ್ಯವಾಗಿ ಇಬ್ಬರೇ ಇರುತ್ತಾರೆ: ನೊಂದು ಬಂದವರು ಮತ್ತು ಇನ್ನೂ ಕಲಿಯುತ್ತಿರುವ ವಿದ್ಯಾರ್ಥಿ. ಅಲ್ಲಿ ನಡೆದದ್ದು ಹಿರಿಯರಿಗೆ ತಿಳಿಯುವುದು ಬಹುಮಟ್ಟಿಗೆ ವಿದ್ಯಾರ್ಥಿ ಬಂದು ಹೇಳಿದಾಗ ಮಾತ್ರ. ಆದುದರಿಂದ ವಿದ್ಯಾರ್ಥಿಯು ತನ್ನ ತಪ್ಪನ್ನು ಹೆದರದೆ ಹೇಳಿಕೊಳ್ಳಬಲ್ಲನೇ ಎಂಬುದರ ಮೇಲೆ ರೋಗಿಯ ಸುರಕ್ಷೆ ನಿಂತಿದೆ. ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬಯಸುವುದು ಇದನ್ನೇ.

ಈ ಪದ್ಧತಿ ಬೆಳೆದು ಬಂದ ದಾರಿ

1920ರಲ್ಲಿ ಬರ್ಲಿನ್ ನಗರದಲ್ಲಿ ಮ್ಯಾಕ್ಸ್ ಐಟಿಂಗನ್ ಮತ್ತು ಸಂಗಡಿಗರು ಮನೋವಿಶ್ಲೇಷಣೆಯ ಚಿಕಿತ್ಸಾಲಯವೊಂದನ್ನು ತೆರೆದರು. ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವುದು ಅಲ್ಲಿನ ತರಬೇತಿಯ ಒಂದು ಆಧಾರಸ್ತಂಭವಾಯಿತು. ಕ್ರೈಸ್ತ ಪಾಲನಾ ಸೇವೆಯಲ್ಲೂ ಇಂತಹುದೇ ದಾರಿಯೊಂದು ತೆರೆದುಕೊಂಡಿತು. ಅಮೆರಿಕದ ಪ್ರೊಟೆಸ್ಟಂಟ್ ಬೋಧಕ ಆಂಟನ್ ಬಾಯ್ಸನ್ ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ ಗುಣವಾಗಿ ಬಂದವರು. 1925ರಲ್ಲಿ ಅವರು ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಮ್ಯಾಸಚೂಸೆಟ್ಸ್‌ನ ವುಸ್ಟರ್ ಸರಕಾರಿ ಮಾನಸಿಕ ಆಸ್ಪತ್ರೆಗೆ ಕರೆತಂದು ರೋಗಿಗಳ ನಡುವೆಯೇ ಕಲಿಯುವಂತೆ ಮಾಡಿದರು. ಇದರಿಂದ ಬೆಳೆದ ತರಬೇತಿಯಲ್ಲಿ ವಿದ್ಯಾರ್ಥಿಯು ರೋಗಿಯೊಂದಿಗೆ ನಡೆದ ಮಾತುಕತೆಯನ್ನು ನೆನಪಿನಿಂದ ಸಾಲುಸಾಲಾಗಿ ಬರೆದು ತಂದು ಮೇಲ್ವಿಚಾರಕರ ಮುಂದಿಡುವ ಕ್ರಮವಿದೆ.

ನಮ್ಮ ರಾಜ್ಯದಲ್ಲಿ, ಇಂದಿನ ನಿಮ್ಹಾನ್ಸ್ ಆಗಿರುವ ಬೆಂಗಳೂರಿನ ಸಂಸ್ಥೆಯಲ್ಲಿ 1950ರ ದಶಕದಿಂದಲೇ ಕ್ಲಿನಿಕಲ್ ಸೈಕಾಲಜಿ ತರಬೇತಿ ನಡೆದು ಬಂದಿದೆ. 1960ರಲ್ಲಿ ಮಂಗಳೂರಿನಲ್ಲಿ ಆರಂಭವಾದ ರೋಶನಿ ನಿಲಯದಂತಹ ಸಮಾಜಕಾರ್ಯ ಶಾಲೆಗಳಲ್ಲಿ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದ ವರದಿ ಬರೆದು ಅಧ್ಯಾಪಕರೊಂದಿಗೆ ಚರ್ಚಿಸುವ ಕ್ರಮವೂ ಇದಕ್ಕೆ ಹತ್ತಿರದ್ದೇ.

ಕಷ್ಟ ಎಲ್ಲಿಂದ ಬರುತ್ತದೆ?

ಮೇಲ್ವಿಚಾರಕರು ಎರಡು ಕೆಲಸ ಮಾಡಬೇಕು. ವಿದ್ಯಾರ್ಥಿಗೆ ಆಸರೆಯಾಗಬೇಕು, ಹಾಗೆಯೇ ಆತ ಈ ವೃತ್ತಿಗೆ ತಕ್ಕವನೇ ಎಂದು ತೀರ್ಪು ಕೊಡಬೇಕು. ನಾಳೆ ಅಂಕ ಕೊಡುವವರ ಮುಂದೆ ಇಂದು ತಪ್ಪನ್ನು ಹೇಳಿಕೊಳ್ಳುವುದು ಸುಲಭವಲ್ಲ. 1996ರಲ್ಲಿ ಅಮೆರಿಕದಲ್ಲಿ ನಿಕೊಲಸ್ ಲಾಡನಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರಲ್ಲಿ ಪಾಲ್ಗೊಂಡ ತರಬೇತಿ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಏನಾದರೊಂದನ್ನು ಮೇಲ್ವಿಚಾರಕರಿಂದ ಮುಚ್ಚಿಟ್ಟಿದ್ದರು. ಹಾಗೆ ಮುಚ್ಚಿಟ್ಟ ವಿಷಯಗಳಲ್ಲಿ ಮೇಲ್ವಿಚಾರಕರ ಬಗೆಗಿನ ಅಸಮಾಧಾನವೂ ಚಿಕಿತ್ಸೆಯಲ್ಲಾದ ತಪ್ಪುಗಳೂ ಸೇರಿದ್ದವು.

ಈ ಇಕ್ಕಟ್ಟು ಧರ್ಮಸಭೆಗೆ ಹೊಸದಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 985ನೇ ವಿಧಿಯಂತೆ, ಸೆಮಿನರಿಯ ರೆಕ್ಟರ್ ಮತ್ತು ನೊವಿಶಿಯೇಟಿನ ಮುಖ್ಯಸ್ಥರು ಅದೇ ಮನೆಯಲ್ಲಿ ವಾಸಿಸುವ ತಮ್ಮ ವಿದ್ಯಾರ್ಥಿಗಳ ಪಾಪನಿವೇದನೆಯನ್ನು ಕೇಳಬಾರದು. ಯಾವುದಾದರೂ ಸಂದರ್ಭದಲ್ಲಿ ವಿದ್ಯಾರ್ಥಿಯೇ ಸ್ವಇಚ್ಛೆಯಿಂದ ಕೋರಿದರೆ ಮಾತ್ರ ಕೇಳಬಹುದು. ತೀರ್ಪು ಕೊಡುವವರೂ ಅಂತರಂಗ ಕೇಳುವವರೂ ಒಬ್ಬರೇ ಆಗಬಾರದೆಂಬ ವಿವೇಕ ಇದರಲ್ಲಿದೆ. ಆದರೆ ಸೂಪರ್‌ವಿಷನ್‌ನಲ್ಲಿ ಈ ಎರಡನ್ನು ಪೂರ್ತಿ ಬೇರ್ಪಡಿಸಲಾಗದು. ಅದು ಪಾಪನಿವೇದನೆಯಂತೆ ಮುದ್ರೆ ಬಿದ್ದ ಮಾತೂ ಅಲ್ಲ. ಆದುದರಿಂದ ಏನು ಗುಟ್ಟಾಗಿ ಉಳಿಯುತ್ತದೆ, ಏನು ಸಂಸ್ಥೆಗೆ ತಿಳಿಸಲ್ಪಡುತ್ತದೆ, ಯಾವ ಆಧಾರದಲ್ಲಿ ಮೌಲ್ಯಮಾಪನ ನಡೆಯುತ್ತದೆ ಎಂಬುದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ, ಸಾಧ್ಯವಾದರೆ ಬರೆದಿಡಬೇಕು. ಮುಂದಿನ ಅರ್ಧದಷ್ಟು ಕಷ್ಟ ಇಲ್ಲಿಯೇ ತಪ್ಪುತ್ತದೆ.

ವಿದ್ಯಾರ್ಥಿ ಮುಚ್ಚಿಟ್ಟಾಗ

ವಾರ ವಾರವೂ "ಎಲ್ಲಾ ಚೆನ್ನಾಗಿ ಹೋಯಿತು" ಎಂಬ ವರದಿ ಬಂದರೆ ಮೇಲ್ವಿಚಾರಕರು ಎಚ್ಚರವಾಗಬೇಕು. ಆಗ "ಏನು ತಪ್ಪು ಮಾಡಿದಿರಿ?" ಎಂದು ಕೇಳಿದರೆ ಬಾಯಿ ಇನ್ನಷ್ಟು ಮುಚ್ಚುತ್ತದೆ. "ಈ ವಾರ ನಿಮಗೆ ತುಂಬಾ ಕಷ್ಟವಾದ ಗಳಿಗೆ ಯಾವುದು?" ಎಂದು ಕೇಳಿದರೆ ಮಾತು ಹೊರಬರುತ್ತದೆ. ರೋಗಿಯ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣವನ್ನು ಜೊತೆಯಾಗಿ ಕೇಳುವುದೂ ಒಂದು ಉಪಾಯ. ಮೊದಲ ಸಲ ತಪ್ಪು ಹೇಳಿಕೊಂಡಾಗ ಹಿರಿಯರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದು ಬಹಳ ಮುಖ್ಯ. ಅಂದು ಗದರಿದರೆ, ಎರಡನೆಯ ತಪ್ಪು ಅವರ ಕಿವಿಗೆ ಬೀಳಲಾರದು.

ಕಣ್ಣೀರು ಬಂದಾಗ

ಒಂದು ಕಲ್ಪಿತ ಉದಾಹರಣೆ ನೋಡೋಣ. ತರಬೇತಿಯಲ್ಲಿರುವ ಒಬ್ಬ ಧರ್ಮಭಗಿನಿ, ಕುಡುಕ ಗಂಡನಿಂದ ಪೆಟ್ಟು ತಿನ್ನುವ ಮಹಿಳೆಯ ಕತೆ ಹೇಳುತ್ತಾ ಅಳತೊಡಗುತ್ತಾರೆ. ಅವರ ತಂದೆಯೂ ಕುಡಿಯುತ್ತಿದ್ದರು. ಇಲ್ಲಿ ಮೇಲ್ವಿಚಾರಕರು ವಿಷಯ ಬದಲಾಯಿಸಿ ಓಡಬಾರದು. ಹಾಗೆಂದು ಅವರ ಬಾಲ್ಯವನ್ನು ಕೆದಕಿ ಚಿಕಿತ್ಸೆ ಕೊಡಲೂ ಹೊರಡಬಾರದು. ಸ್ವಲ್ಪ ಹೊತ್ತು ಮೌನವಾಗಿ ಜೊತೆಗಿದ್ದು, "ಈ ನೋವು ಆ ಮಹಿಳೆಯ ಮಾತು ಕೇಳುವಾಗ ನಿಮಗೆ ಏನು ಮಾಡುತ್ತದೆ ಸಿಸ್ಟರ್?" ಎಂದು ಕೇಳಬಹುದು. ಬಹುಶಃ ಆ ಮಹಿಳೆ ಗಂಡನನ್ನು ತಕ್ಷಣ ಬಿಡಬೇಕೆಂದು ಸಿಸ್ಟರ್ ಒತ್ತಾಯಿಸುತ್ತಿರಬಹುದು. ಇಲ್ಲವೇ ಪೆಟ್ಟಿನ ವಿಷಯ ಬಂದಾಗಲೆಲ್ಲಾ ಮಾತು ತಿರುಗಿಸುತ್ತಿರಬಹುದು. ಅಷ್ಟನ್ನು ಸೂಪರ್‌ವಿಷನ್‌ನಲ್ಲಿ ನೋಡಬೇಕು. ಹಳೆಯ ಗಾಯದ ಆರೈಕೆಗೆ ಬೇರೊಬ್ಬ ಚಿಕಿತ್ಸಕರ ಹೆಸರು ಸೂಚಿಸಬೇಕು.

ರೋಗಿಯ ನೆರಳು ಕೋಣೆಗೆ ಬಂದಾಗ

1955ರಲ್ಲಿ ಅಮೆರಿಕದ ಮನೋವೈದ್ಯ ಹೆರಾಲ್ಡ್ ಸರ್ಲ್ಸ್ ಒಂದು ವಿಷಯವನ್ನು ಗಮನಕ್ಕೆ ತಂದರು. ರೋಗಿ ಮತ್ತು ಚಿಕಿತ್ಸಕನ ನಡುವೆ ನಡೆಯುವುದು ಕೆಲವೊಮ್ಮೆ ಚಿಕಿತ್ಸಕ ಮತ್ತು ಮೇಲ್ವಿಚಾರಕರ ನಡುವೆಯೂ ಪ್ರತಿಬಿಂಬಿಸುತ್ತದೆ. "ಏನು ಮಾಡಿದರೂ ಪ್ರಯೋಜನವಿಲ್ಲ" ಎನ್ನುವ ರೋಗಿಯನ್ನು ನೋಡಿ ಬಂದ ವಿದ್ಯಾರ್ಥಿ, ಹಿರಿಯರ ಪ್ರತಿಯೊಂದು ಸಲಹೆಗೂ "ಅದು ಆಗಲಿಕ್ಕಿಲ್ಲ" ಎನ್ನುತ್ತಾನೆ. ಹಿರಿಯರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಹೊರಗೆಡಹುವ ಮೊದಲು, "ಆ ರೋಗಿಯ ಎದುರು ನಿಮಗೂ ಹೀಗೆಯೇ ಕೈಕಟ್ಟಿದಂತೆ ಆಗುತ್ತದೆಯೇ?" ಎಂದು ವಿಚಾರಿಸಿದರೆ ಬಾಗಿಲು ತೆರೆಯಬಹುದು. ಆದರೆ ಎಲ್ಲಾ ಜಗಳಗಳಿಗೂ ಇದೇ ಕಾರಣವಲ್ಲ. ಕೆಲವೊಮ್ಮೆ ಹಿರಿಯರ ಮಾತೇ ಒರಟಾಗಿರುತ್ತದೆ. ಆಗ "ಕಳೆದ ವಾರ ನನ್ನ ಮಾತಿನಿಂದ ನಿಮಗೆ ನೋವಾಗಿರಬೇಕು" ಎಂದು ಹಿರಿಯರೇ ಮೊದಲು ಹೇಳಬೇಕು. ಅಧಿಕಾರ ಇರುವವರ ಕಡೆಯಿಂದಲೇ ಈ ಹೆಜ್ಜೆ ಬರಬೇಕು.

ಕಹಿ ಮಾತು ಹೇಳಬೇಕಾದಾಗ

ಕೆಲವು ವಿದ್ಯಾರ್ಥಿಗಳು ಈ ಕೆಲಸಕ್ಕೆ ಇನ್ನೂ ಸಿದ್ಧರಾಗಿರುವುದಿಲ್ಲ. ದಾಕ್ಷಿಣ್ಯದಿಂದ ಸುಮ್ಮನಿದ್ದು ಕೋರ್ಸಿನ ಕೊನೆಯಲ್ಲಿ ಅನುತ್ತೀರ್ಣಗೊಳಿಸುವುದು ಅನ್ಯಾಯ. ದಾಕ್ಷಿಣ್ಯದಿಂದ ಉತ್ತೀರ್ಣಗೊಳಿಸುವುದು ಮುಂದಿನ ರೋಗಿಗಳಿಗೆ ಮಾಡುವ ಅನ್ಯಾಯ. "ನೀವು ಸರಿಯಿಲ್ಲ" ಎಂಬ ಮಾತಿನಿಂದ ಯಾರೂ ಕಲಿಯುವುದಿಲ್ಲ. "ಮಂಗಳವಾರದ ಭೇಟಿಯಲ್ಲಿ ಆಕೆ ಮಗನ ಸಾವಿನ ಬಗ್ಗೆ ಹೇಳುತ್ತಿರುವಾಗ ನೀವು ಮೂರು ಸಲ ನಡುವೆ ಬಾಯಿ ಹಾಕಿದಿರಿ" ಎಂದರೆ ತಿದ್ದಿಕೊಳ್ಳಲು ದಾರಿಯಿದೆ. ಹೇಳುವುದನ್ನು ಬೇಗ ಹೇಳಬೇಕು, ಬೇರೆಯವರ ಎದುರಲ್ಲದೆ ಏಕಾಂತದಲ್ಲಿ ಹೇಳಬೇಕು, ತಿದ್ದಿಕೊಳ್ಳಲು ಸಮಯ ಕೊಡಬೇಕು.

ಜೀವಕ್ಕೆ ಅಪಾಯವಿದ್ದಾಗ

ಇಲ್ಲಿ ಮಾತ್ರ ಕಾಯುವಂತಿಲ್ಲ. ರೋಗಿಯು ಆತ್ಮಹತ್ಯೆಯ ಯೋಚನೆ ಹೇಳಿಕೊಂಡನೆಂದು ವಿದ್ಯಾರ್ಥಿ ತಿಳಿಸಿದರೆ, ಅಂದು ಪಾಠ ಬದಿಗಿರಲಿ. ಮೇಲ್ವಿಚಾರಕರೇ ಹೊಣೆ ಹೊತ್ತು, ರೋಗಿ ಈಗ ಎಲ್ಲಿದ್ದಾನೆ, ಜೊತೆಗೆ ಯಾರಿದ್ದಾರೆ, ಮನೋವೈದ್ಯರಿಗೆ ಯಾವಾಗ ತೋರಿಸುವುದು ಎಂದು ಅಂದೇ ತೀರ್ಮಾನಿಸಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೇ ಸೆಕ್ಷನ್ ರೋಗಿಗೆ ಗೌಪ್ಯತೆಯ ಹಕ್ಕು ನೀಡುತ್ತದೆ. ಆದರೆ ಜೀವಾಪಾಯ ತಡೆಯಲು ಅಗತ್ಯವಿರುವಷ್ಟು ಮಾಹಿತಿ ನೀಡಲು ಅವಕಾಶವನ್ನೂ ಇಟ್ಟಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರೂ ಕರೆ ಮಾಡಬಹುದು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ, 2012ರ ಪೋಕ್ಸೋ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಹೆಸರು ಕೆಡುತ್ತದೆ ಎಂಬುದು ಕಾರಣವಾಗದು. ಆ ಸಂಸ್ಥೆ ಶಾಲೆಯಾಗಲಿ, ಚರ್ಚ್ ಆಗಲಿ, ನಿಯಮ ಒಂದೇ. "ಇದನ್ನು ಯಾರಿಗೂ ಹೇಳಬೇಡಿ" ಎನ್ನುವ ಮೇಲ್ವಿಚಾರಕರ ಮಾತನ್ನು ವಿದ್ಯಾರ್ಥಿ ಪಾಲಿಸಬೇಕಾಗಿಲ್ಲ.

ನಮಗೇನು ಪಾಠ?

ತರಬೇತಿಯಲ್ಲಿರುವವರ ಬಳಿ ಚಿಕಿತ್ಸೆಗೆ ಹೋಗುವವರು ಹಿಂಜರಿಯಬೇಕಾಗಿಲ್ಲ. ಆದರೆ ಅವರು ವಿದ್ಯಾರ್ಥಿಯೆಂಬುದನ್ನೂ, ತಮ್ಮ ವಿಷಯ ಯಾರೊಂದಿಗೆ ಚರ್ಚೆಯಾಗುತ್ತದೆ ಎಂಬುದನ್ನೂ ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ. ಧರ್ಮಕೇಂದ್ರಗಳಲ್ಲಿ ಆಪ್ತಸಮಾಲೋಚನೆ ಏರ್ಪಡಿಸುವ ಪಾಲನಾ ಪರಿಷತ್ತುಗಳು, "ನಮ್ಮ ಸಮಾಲೋಚಕರು ತಮ್ಮ ಕಷ್ಟವನ್ನು ಯಾರ ಬಳಿ ಹೇಳಿಕೊಳ್ಳುತ್ತಾರೆ?" ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಲಿ. ಒಂದು ಕೋಣೆ, ಎರಡು ಕುರ್ಚಿ ಕೊಟ್ಟರೆ ಮಾತ್ರ ಸಾಲದು.

ಸಂತ ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ, ಅಶುದ್ಧಾತ್ಮ ಹಿಡಿದ ಬಾಲಕನನ್ನು ಗುಣಪಡಿಸಲು ಶಿಷ್ಯರಿಂದ ಆಗುವುದಿಲ್ಲ. ಯೇಸುಸ್ವಾಮಿ ಆ ಬಾಲಕನನ್ನು ತಮ್ಮ ಬಳಿಗೆ ತರಿಸಿ ಮೊದಲು ಗುಣಪಡಿಸುತ್ತಾರೆ. ಆಮೇಲೆ ಮನೆಯೊಳಗೆ, ಏಕಾಂತದಲ್ಲಿ, ನಮ್ಮಿಂದ ಯಾಕೆ ಆಗಲಿಲ್ಲ ಎಂದು ಶಿಷ್ಯರು ಕೇಳುತ್ತಾರೆ; ಅವರಿಗೆ ಉತ್ತರ ಸಿಗುತ್ತದೆ. ನೊಂದವನ ರಕ್ಷಣೆ ಮೊದಲು, ಸೋತ ಶಿಷ್ಯನ ಪ್ರಶ್ನೆಗೆ ಮನೆಯೊಳಗೆ ಜಾಗ ನಂತರ. ಕಲಿಸುವ ಜವಾಬ್ದಾರಿ ಹೊತ್ತ ನಮ್ಮೆಲ್ಲರ ಸಂಸ್ಥೆಗಳಲ್ಲಿ ಈ ಎರಡೂ ಇರಲಿ.