ಸ್ಟಾರ್ಟರ್ ಪೆಟ್ಟಿಗೆಯ ಸಣ್ಣ ತಂತಿ

ಹೊಳಲ್ಕೆರೆ ಕಡೆಯ ನೆಂಟರ ಅಡಿಕೆ ತೋಟಕ್ಕೆ ಹೋಗಿದ್ದೆ. ಬೋರ್‌ವೆಲ್ ಪಕ್ಕದ ಸಣ್ಣ ಶೆಡ್ಡಿನಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆರೆದೇ ಇತ್ತು. ಒಳಗೆ ಮೋಟರಿಗೆ ಕರೆಂಟ್ ಕೊಡುವ ಪಾಯಿಂಟುಗಳು ಬಿಟ್ಟುಕೊಳ್ಳದಂತೆ ಅಡಿಕೆ ದಬ್ಬೆಯ ಚೂರೊಂದನ್ನು ಬೆಣೆ ಹೊಡೆದಿದ್ದರು. ನಾನು ಬಗ್ಗಿ ನೋಡಿದ್ದೇ ತಡ, ಅಳಿಯ ಕೂಗಿದ: "ಮಾವ, ಆ ದಬ್ಬೆ ತೆಗೀಬ್ಯಾಡ್ರಿ, ತೆಗುದ್ರೆ ಮೋಟ್ರು ನಿಂತೋಗ್ತೈತೆ."

ಅದು ಹಳೆಯ ಸ್ಟಾರ್ಟರ್. ಬೇರೆ ಯಾರದೋ ಬೋರ್ ಬತ್ತಿಹೋದಾಗ ಮಾರಾಟಕ್ಕೆ ಬಂದದ್ದನ್ನು ಅರ್ಧ ಬೆಲೆಗೆ ತಂದಿದ್ದರು. ಚಿತ್ರದುರ್ಗ ಜಿಲ್ಲೆಯಲ್ಲಿ ಇಂಥ ಪೆಟ್ಟಿಗೆಗಳು ತೋಟದಿಂದ ತೋಟಕ್ಕೆ ಕೈ ಬದಲಾಯಿಸುತ್ತಲೇ ಇರುತ್ತವೆ. ಹಿರಿಯೂರಿನ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಮಳೆ ಇಷ್ಟು ಕೈಕೊಡುವ ಸೀಮೆಯಲ್ಲಿ, ಕಾಲುವೆ ಮುಟ್ಟದ ಹೊಲಗಳಿಗೆಲ್ಲ ಕೊಳವೆಬಾವಿಯೇ ಗತಿ. ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ, ಹಿರಿಯೂರಿನ ದಾಳಿಂಬೆ ಎಲ್ಲವೂ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ ನಿಂತ ನೀರನ್ನು ಮೇಲೆತ್ತುವ ಮೋಟರನ್ನು ನಂಬಿವೆ. ಆ ಮೋಟರಿನ ಆಯುಷ್ಯ ಈ ಪೆಟ್ಟಿಗೆಯ ಕೈಯಲ್ಲಿದೆ.

ಪೆಟ್ಟಿಗೆಯೊಳಗೆ ಎರಡು ಬಗೆಯ ತಂತಿಗಳಿವೆ. ಮೂರು ಫೇಸಿನ ದಪ್ಪ ತಂತಿಗಳು ಮೋಟರಿಗೆ ಹೋಗುತ್ತವೆ, ದುಡಿಮೆಯೆಲ್ಲ ಅವುಗಳದು. ಇನ್ನೊಂದು ಸಣ್ಣ ತಂತಿ. ಮೋಟರಿನ ಕರೆಂಟ್ ಇದರಲ್ಲಿ ಹರಿಯುವುದೇ ಇಲ್ಲ. ಆದರೆ ಮೋಟರ್ ಓಡಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುವುದು ಇದೇ. ಅದರ ಹಾದಿ ಹೀಗಿದೆ: ಒಂದು ಫೇಸಿನಿಂದ ಹೊರಟು ಕೆಂಪು ಸ್ಟಾಪ್ ಗುಂಡಿಯ ಮೂಲಕ ಹಾದು ಹಸಿರು ಸ್ಟಾರ್ಟ್ ಗುಂಡಿಗೆ ಬರುತ್ತದೆ. ಅಲ್ಲಿಂದ ಕಾಯಿಲ್‌ಗೆ. ಕಾಯಿಲ್ ದಾಟಿ ಓವರ್‌ಲೋಡ್ ರಿಲೇಯ ಪುಟ್ಟ ಪಾಯಿಂಟಿನ ಮೂಲಕ ಇನ್ನೊಂದು ಫೇಸನ್ನು ಸೇರುತ್ತದೆ. ಹಸಿರು ಗುಂಡಿ ಒತ್ತಿದಾಗ ಈ ಸುತ್ತು ಪೂರ್ತಿಯಾಗಿ ಕಾಯಿಲ್ ಅಯಸ್ಕಾಂತವಾಗುತ್ತದೆ. ಎದುರಿನ ಕಬ್ಬಿಣದ ತುಂಡನ್ನು ಟಕ್ಕೆಂದು ಎಳೆದುಕೊಳ್ಳುತ್ತದೆ. ಅದರ ಜೊತೆಗೇ ಮೂರು ದೊಡ್ಡ ಪಾಯಿಂಟುಗಳು ಕೂಡಿಕೊಂಡು ಮೋಟರ್ ತಿರುಗುತ್ತದೆ.

ಗುಂಡಿಯಿಂದ ಬೆರಳು ತೆಗೆದ ಮೇಲೂ ಮೋಟರ್ ಓಡುತ್ತಲೇ ಇರುತ್ತದಲ್ಲ, ಹೇಗೆ? ಮೂರು ದೊಡ್ಡ ಪಾಯಿಂಟುಗಳ ಜೊತೆ ನಾಲ್ಕನೆಯದೊಂದು ಸಣ್ಣ ಪಾಯಿಂಟೂ ಕೂಡುತ್ತದೆ. ಸ್ಟಾರ್ಟ್ ಗುಂಡಿಗೆ ಸಮಾನಾಂತರವಾಗಿ ಕೂತು, ಬೆರಳು ಮಾಡುತ್ತಿದ್ದ ಕೆಲಸವನ್ನು ತಾನೇ ಮಾಡುತ್ತದೆ. ಇದನ್ನು ಹೋಲ್ಡಿಂಗ್ ಪಾಯಿಂಟ್ ಎನ್ನುತ್ತಾರೆ. ಕಾಯಿಲ್ ತನ್ನನ್ನು ತಾನೇ ಹಿಡಿದು ನಿಲ್ಲಿಸಿಕೊಳ್ಳುವ ಈ ಉಪಾಯ ನನಗೆ ಪ್ರತಿ ಸಲವೂ ಸೋಜಿಗವೆನಿಸುತ್ತದೆ. ಕರೆಂಟ್ ಹೋದರೆ ಹಿಡಿತ ತಪ್ಪುತ್ತದೆ. ಮತ್ತೆ ಬಂದರೂ ಮೋಟರ್ ತಾನಾಗಿ ಹೊರಡುವುದಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಕೇಬಲ್ ಜಾಯಿಂಟಿಗೆ ಕೈ ಹಾಕಿದ್ದರೆ ಅವರ ಜೀವ ಉಳಿಯಲಿ ಎಂದೇ ಹೀಗೆ ಮಾಡಿದ್ದಾರೆ.

ಸಣ್ಣ ತಂತಿಯ ಹಾದಿಯಲ್ಲಿ ಎಲ್ಲವೂ ಸರಪಳಿಯ ಕೊಂಡಿಗಳಂತೆ ಒಂದರ ಹಿಂದೆ ಒಂದಿವೆ. ಯಾವ ಕೊಂಡಿ ಕಳಚಿದರೂ, ಇಲಿ ತಂತಿ ಕಡಿದರೂ, ಸ್ಕ್ರೂ ಸಡಿಲವಾದರೂ ಮೋಟರ್ ನಿಲ್ಲುತ್ತದೆ. ಕೆಟ್ಟರೆ ನಿಲ್ಲುವ ಕಡೆಗೇ ಕೆಡಬೇಕು ಎಂಬುದು ಇದರ ಲೆಕ್ಕಾಚಾರ. ದಬ್ಬೆಯ ಬೆಣೆ ಈ ಲೆಕ್ಕಾಚಾರವನ್ನೇ ತಲೆಕೆಳಗು ಮಾಡುತ್ತದೆ. ಬೆಣೆ ಹೊಡೆದ ಪೆಟ್ಟಿಗೆಯಲ್ಲಿ ಸ್ಟಾಪ್ ಗುಂಡಿಗೂ ಬೆಲೆಯಿಲ್ಲ, ರಿಲೇಗೂ ಬೆಲೆಯಿಲ್ಲ.

ಹಾಗಾದರೆ ರೈತರು ಬೆಣೆ ಏಕೆ ಹೊಡೆಯುತ್ತಾರೆ? ಅವರಿಗೆ ಗೊತ್ತಿಲ್ಲವೆಂದು ಹೇಳಿ ಮುಗಿಸುವುದು ಅನ್ಯಾಯ. ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಎಷ್ಟೋ ಸಲ ಅಪರಾತ್ರಿಯಲ್ಲಿ. ಹಾವು, ಕರಡಿಗಳ ಭಯದ ನಡುವೆ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಿ ಗುಂಡಿ ಒತ್ತಬೇಕು. ವೋಲ್ಟೇಜ್ ಕುಸಿದು ಮೋಟರ್ ನಿಂತರೆ ಮತ್ತೆ ಹೋಗಬೇಕು. ಬಾಡುತ್ತಿರುವ ಗಿಡದ ಮುಂದೆ ನಿಂತವನಿಗೆ ಪದೇಪದೇ ಟ್ರಿಪ್ ಆಗುವ ರಿಲೇ ಶತ್ರುವಿನಂತೆ ಕಾಣುತ್ತದೆ.

ಆದರೆ ರಿಲೇ ಸುಮ್ಮನೆ ಟ್ರಿಪ್ ಆಗುವುದಿಲ್ಲ. ಮೂರು ಫೇಸುಗಳಲ್ಲಿ ಒಂದು ಕಡಿದುಹೋಯಿತೆನ್ನಿ. ಓಡುತ್ತಿರುವ ಮೋಟರ್ ತಕ್ಷಣ ನಿಲ್ಲುವುದಿಲ್ಲ. ಉಳಿದ ಎರಡು ಫೇಸುಗಳಿಂದಲೇ ಅಷ್ಟೂ ಕೆಲಸ ತೆಗೆಯಲು ಹೋಗುತ್ತದೆ. ಆ ತಂತಿಗಳಲ್ಲಿ ಕರೆಂಟ್ ಸುಮಾರು 1.73 ಪಟ್ಟಾಗುತ್ತದೆ. ಶಾಖ ಏರುವುದು ಕರೆಂಟಿನ ವರ್ಗದಷ್ಟು, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ನಿಂತ ಮೋಟರಿಗೆ ಎರಡೇ ಫೇಸ್ ಕೊಟ್ಟರಂತೂ ಅದು ತಿರುಗದೆ ಗುಂಯ್‌ಗುಟ್ಟುತ್ತಾ ಬೇಯುತ್ತದೆ. ಓವರ್‌ಲೋಡ್ ರಿಲೇಯಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಗಳಿರುತ್ತವೆ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗಿ ಪಟ್ಟಿ ಬಾಗುತ್ತದೆ, ಬಾಗಿ ಸಣ್ಣ ತಂತಿಯ ಕೊಂಡಿಯನ್ನು ಬಿಡಿಸುತ್ತದೆ. ಕಾಯಿಲ್ ಸಾಯುತ್ತದೆ, ಮೋಟರ್ ಉಳಿಯುತ್ತದೆ.

ಒಂದು ಅಪಾಯವನ್ನು ಮಾತ್ರ ಈ ರಿಲೇ ಕಾಣಲಾರದು. ಬೋರಿನಲ್ಲಿ ನೀರು ತೀರಿದಾಗ ಪಂಪಿನ ಹೊರೆ ಇಳಿದು ಕರೆಂಟ್ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ರಿಲೇ ಎಲ್ಲ ಸರಿಯಿದೆ ಎಂದುಕೊಳ್ಳುತ್ತದೆ. ಅತ್ತ ಸಬ್‌ಮರ್ಸಿಬಲ್ ಮೋಟರನ್ನು ತಂಪಾಗಿಡಬೇಕಾದ ನೀರೇ ಇಲ್ಲ! ನಮ್ಮ ಜಿಲ್ಲೆಯಂಥ ಕಡೆ ಕರೆಂಟ್ ತಗ್ಗಿದ್ದನ್ನೂ ಗಮನಿಸಿ ನಿಲ್ಲಿಸುವ ಡ್ರೈ ರನ್ ರಕ್ಷಣೆ ಬೇಕೇ ಬೇಕೆನ್ನುವುದು ಇದಕ್ಕೇ.

ಅಳಿಯನ ಪೆಟ್ಟಿಗೆಗೆ ಬರೋಣ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆವು. ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಜೊತೆಗೆ ಬಂದ ಎಲೆಕ್ಟ್ರಿಷಿಯನ್ ಎರಡು ಬಲ್ಬುಗಳನ್ನು ಸೀರೀಸ್‌ನಲ್ಲಿ ಜೋಡಿಸಿದ ಟೆಸ್ಟ್ ಲ್ಯಾಂಪ್ ತಂದಿದ್ದರು. ಎರಡು ಫೇಸುಗಳ ನಡುವೆ 415 ವೋಲ್ಟ್ ಇರುತ್ತದೆ. ಮನೆಯ ಒಂದೇ ಬಲ್ಬ್ ಅದನ್ನು ತಾಳದು. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆವು.

ಗುಂಡಿ ಒತ್ತಿದಷ್ಟು ಹೊತ್ತು ಓಡಿ ಬಿಟ್ಟೊಡನೆ ನಿಲ್ಲುತ್ತದೆ ಎಂದು ಅಳಿಯ ಹೇಳಿದ್ದ. ಆ ಒಂದು ಮಾತಿನಲ್ಲಿ ಅರ್ಧ ರೋಗ ಗೊತ್ತಾಗಿತ್ತು. ಗುಂಡಿ ಒತ್ತಿದಾಗ ಓಡುತ್ತದೆಂದರೆ ಸ್ಟಾಪ್ ಗುಂಡಿ, ಕಾಯಿಲ್ ಸರಿಯಿವೆ; ಹೋಲ್ಡಿಂಗ್ ಪಾಯಿಂಟ್ ಅಥವಾ ಅದರ ತಂತಿ ಕೆಟ್ಟಿರಬೇಕು. ನೋಡಿದರೆ ತಂತಿಯ ಎಳೆಗಳು ಸ್ಕ್ರೂ ಕೆಳಗೆ ಮುರಿದು ಕಪ್ಪಾಗಿದ್ದವು. ಅಷ್ಟೇ! ಒಂದು ಗೇಣು ತಂತಿಗೆ ಬದಲಾಗಿ ದಬ್ಬೆಯ ಬೆಣೆ ಬಂದಿತ್ತು. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಲಗ್ ಒತ್ತಿ ಬಿಗಿದೆವು.

ಇನ್ನೊಂದು ತಪ್ಪು ಕಣ್ಣಿಗೆ ಬಿದ್ದದ್ದು ಆಮೇಲೆ. ಹಿಂದಿನ ಮಾಲೀಕರ ಮೋಟರ್ 10 ಎಚ್‌ಪಿ, ಇವರದು 5 ಎಚ್‌ಪಿ. ರಿಲೇಯ ಮೇಲಿದ್ದ ಅತಿ ಕಡಿಮೆ ಗುರುತೇ 13 ಆಂಪಿಯರ್. ಇವರ ಮೋಟರಿನ ಪೂರ್ಣ ಹೊರೆಯ ಕರೆಂಟ್ 9. ಮೋಟರ್ ಸುಟ್ಟು ಬೂದಿಯಾಗುವವರೆಗೂ ಆ ರಿಲೇ ಅಲುಗಾಡುತ್ತಿರಲಿಲ್ಲ. ಬೇರೆ ರಿಲೇ ಹಾಕಿಸಿದೆವು. ಹಳೆಯ ಸ್ಟಾರ್ಟರ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನು. ಕಾಯಿಲಿನ ಮೇಲಿನ ವೋಲ್ಟೇಜನ್ನೂ ಓದಿ: 240 ವೋಲ್ಟಿನ ಕಾಯಿಲನ್ನು ಎರಡು ಫೇಸಿಗೆ ಕೊಟ್ಟರೆ ಬೇಗನೆ ಹೊಗೆಯಾಡುತ್ತದೆ.

ಕೆಲವು ಪೆಟ್ಟಿಗೆಗಳು ಕರ್ರ್ ಎಂದು ಕಂಪಿಸುತ್ತವೆ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹಿಂದುಮುಂದಾಗುವುದರಿಂದ ಅಯಸ್ಕಾಂತದ ಸೆಳೆತ 100 ಸಲ ಸೊನ್ನೆಗೆ ಇಳಿಯಬೇಕು. ಹಾಗಾಗದಂತೆ ಕಬ್ಬಿಣದ ಮುಖದಲ್ಲಿ ಒಂದು ತಾಮ್ರದ ಉಂಗುರ ಹುದುಗಿಸಿರುತ್ತಾರೆ. ಒಂದು ಭಾಗದ ಸೆಳೆತವನ್ನು ಅದು ಚೂರು ತಡಮಾಡುತ್ತದೆ. ಒಂದು ಕೈ ಬಿಡುವಾಗ ಇನ್ನೊಂದು ಕೈ ಹಿಡಿದಂತೆ. ಉಂಗುರ ಸೀಳಿದರೆ, ನಡುವೆ ಇರುವೆ, ದೂಳು ಕೂತರೆ, ವೋಲ್ಟೇಜ್ ತಗ್ಗಿದರೆ ಕಂಪನ ಶುರು. ಕಬ್ಬಿಣ ಪೂರ್ತಿ ಕೂಡದಿದ್ದಾಗ ಕಾಯಿಲ್ ಹಲವು ಪಟ್ಟು ಕರೆಂಟ್ ಎಳೆದು ಸುಡುತ್ತದೆ. ಆ ಸದ್ದು ಕೇಳಿದ ದಿನವೇ ಪೆಟ್ಟಿಗೆ ಬಿಚ್ಚಿಸಿ.

ರಾತ್ರಿ ಕರೆಂಟಿನ ಕಷ್ಟಕ್ಕೆ ಆಟೋ ಸ್ವಿಚ್ ಇದೆ. ಅದನ್ನು ಸ್ಟಾರ್ಟ್ ಗುಂಡಿಗೆ ಸಮಾನಾಂತರವಾಗಿ ಜೋಡಿಸಬೇಕು. ಸ್ಟಾಪ್, ಓವರ್‌ಲೋಡ್, ಸಿಂಗಲ್ ಫೇಸ್ ತಡೆ, ಡ್ರೈ ರನ್ ತಡೆ ಎಲ್ಲವೂ ಸರಪಳಿಯಲ್ಲಿ ಹಾಗೆಯೇ ಉಳಿಯಬೇಕು. ಟೈಮರ್ ಇರುವುದನ್ನೇ ಕೊಳ್ಳಿ. ಹೊರಡುವಾಗ ಮೋಟರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಒಂದು ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಹತ್ತಾರು ಮೋಟರುಗಳು ಒಂದೇ ಕ್ಷಣಕ್ಕೆ ಹೊರಟರೆ ಟಿಸಿಯೇ ಸುಟ್ಟುಹೋಗುತ್ತದೆ. ಅಕ್ಕಪಕ್ಕದ ತೋಟದವರು ಮಾತಾಡಿಕೊಂಡು ಒಬ್ಬರು ಒಂದು ನಿಮಿಷ, ಇನ್ನೊಬ್ಬರು ಎರಡು ನಿಮಿಷ ಎಂದು ಟೈಮರ್ ಇಟ್ಟುಕೊಳ್ಳಬಹುದು. ಆಟೋ ಹಾಕಿದ ಮೇಲೆ ಕರೆಂಟ್ ಬಂದೊಡನೆ ಮೋಟರ್ ಹೊರಡುತ್ತದೆ. ರಿಪೇರಿಗೆ ಕೈ ಹಾಕುವ ಮುನ್ನ ಫ್ಯೂಸ್ ಕಿತ್ತೇ ಇಡಬೇಕು.

ಅರ್ಥಿಂಗ್ ಬಗ್ಗೆಯೂ ಹೇಳಲೇಬೇಕು. ಪೆಟ್ಟಿಗೆ ತಗಡಿನದು. ಒಳಗಿನ ತಂತಿ ತಗಡಿಗೆ ತಾಕಿದಾಗ ಕರೆಂಟ್ ನೆಲಕ್ಕಿಳಿಯಬೇಕು. ಇದ್ದಿಲು, ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ನಮ್ಮ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಒಣ ಮಣ್ಣು ಕರೆಂಟನ್ನು ಒಯ್ಯದು. ಆಗ ಕೈಯಿಟ್ಟವರ ಮೈಯೇ ದಾರಿಯಾಗುತ್ತದೆ.

ನಿಮ್ಮ ತೋಟದ ಪೆಟ್ಟಿಗೆಯಲ್ಲಿ ಕಡ್ಡಿ, ದಬ್ಬೆ, ದಾರ ಏನಿದ್ದರೂ ಈ ವಾರವೇ ಎಲೆಕ್ಟ್ರಿಷಿಯನ್ ಕರೆಸಿ ತೆಗೆಸಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯುದ್ದಕ್ಕೂ ವಾರಕ್ಕೆರಡು ಕೊಡ ನೀರು ಹಾಕಿ.